ಕಿತ್ತಳೆ ಮೂತಿ

ಎರಡನೆಯ ಏಟಿಗೆ ಬಣ್ಣಗಾರನ ಹಲ್ಲು ಕಿತ್ತು ಬಂತು. ಮೂರನೆಯದಕ್ಕೆ ಅವನು ಕುರ್ಚಿ ಸಮೇತ ಉರುಳಿದ. ದಾಂಡಿಗ ಅವನನ್ನು ಎತ್ತಿ ಕೂರಿಸಿ, ಬಾಯಿಗೆ ಮತ್ತೆ ಬಟ್ಟೆ ತುರುಕಿ, ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದ. ಪಕ್ಕದಲ್ಲೇ ಸುತ್ತಿಗೆ ಇತ್ತು.

"ಬನ್ನಿ ಸಾರ್, ಕೂತ್ಕೊಳ್ಳಿ," ಎಂದ ಬಿಳಿ ಅಂಗಿಯವನು, ನೆಂಟರನ್ನು ಬರಮಾಡಿಕೊಳ್ಳುವವನ ಹಾಗೆ.

ಬಾಗಿಲಲ್ಲಿ ನಿಂತಿದ್ದ ಭೂತಗನ್ನಡಿ ಬಂದು ಕೂತ. ಅದು ಅವನಿಗೆ ಜನ ಇಟ್ಟ ಹೆಸರು. ಹೊಸ ಆಟಿಕೆಗಳು ಅಂಗಡಿಗೆ ಬರುವ ಮೊದಲೇ ಅವುಗಳ ಕದ್ದ ಚಿತ್ರಗಳು ಮೊಬೈಲುಗಳಲ್ಲಿ ಹರಿದಾಡುತ್ತವಲ್ಲ, ಅವುಗಳಲ್ಲಿ ಯಾವುದು ನಿಜ, ಯಾವುದು ಬೊಗಳೆ ಎಂದು ವೀಡಿಯೊ ಮಾಡಿ ಹೇಳುವುದು ಅವನ ಕೆಲಸ. ಅವನು ಹೂಂ ಎಂದರೆ ಅಂಗಡಿಯವರು ಕಪಾಟಿನಲ್ಲಿ ಜಾಗ ಮಾಡುತ್ತಿದ್ದರು. ದೊಡ್ಡವರು ಆಟಿಕೆಗಾಗಿ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆಯೇ ಎಂದು ನಗುವವರು ಈ ಗೋದಾಮಿಗೆ ಒಮ್ಮೆ ಬಂದು ನೋಡಬೇಕಿತ್ತು.

ಬಿಳಿ ಅಂಗಿಯವನು ಮೇಜಿನ ಮೇಲೆ ಚಿತ್ರಗಳನ್ನು ಹರಡಿದ. ವಾರದಿಂದ ಎಲ್ಲರ ಕೈಯಲ್ಲೂ ಓಡಾಡುತ್ತಿದ್ದವು ಇವೇ. ಸ್ಪಂಜಿನ ಗುಂಡು ಹಾರಿಸುವ ಹೊಸ ಆಟಿಕೆ ಬಂದೂಕು. ನೀಲಿ ಮೈ, ಹಳದಿ ಹಿಡಿ, ಕಿತ್ತಳೆ ಮೂತಿ.

"ಇದರ ಬಗ್ಗೆ ನೀವು ಇನ್ನೂ ಬಾಯೇ ಬಿಟ್ಟಿಲ್ಲ. ಇದು ನಿಜವಾದ ಆಟಿಕೆನಾ, ಅಲ್ವಾ? ಅಷ್ಟು ಹೇಳಿ ಸಾಕು. ಇವನೇನೋ ಆಣೆ ಇಡ್ತಾನೆ, ನಂಬೋದು ಹೇಗೆ? ಇವನ ಕೈ ಉಳಿಯೋದು ಬಿಡೋದು ಈಗ ನಿಮ್ಮ ಮಾತಿನ ಮೇಲಿದೆ."

ಭೂತಗನ್ನಡಿಗೆ ವಿಷಯ ಅರ್ಥವಾಯಿತು. ಚಿತ್ರ ಸೋರಿದಾಗಲೆಲ್ಲ ಕಂಪನಿಯವರು ಸೋರಿಸಿದವನ ಬೆನ್ನು ಹತ್ತುತ್ತಾರೆ. ಉಳಿದವರಾದರೆ ಕೆಲಸದಿಂದ ಕಿತ್ತು ಹಾಕಿ ಸುಮ್ಮನಾಗುತ್ತಾರೆ. ಈ ಕಂಪನಿಯವರು ಅಸಲಿ ಆಟಿಕೆಯನ್ನು ಕಂಡೇ ಇರದ ಬಾಡಿಗೆ ಗೂಂಡಾಗಳ ಕೈಗೆ ಸುತ್ತಿಗೆ ಕೊಟ್ಟಿದ್ದಾರೆ. ಚಿತ್ರ ನಿಜವಾದರೆ ಬಣ್ಣಗಾರನೇ ಕಳ್ಳ. ಸುಳ್ಳಾದರೆ ಪಾಪ, ಸುಮ್ಮನೆ ಏಟು ತಿಂದವನು.

ಬಿಳಿ ಅಂಗಿಯವನಿಗೆ ಗೊತ್ತಿಲ್ಲದ್ದು ಒಂದಿತ್ತು. ಬಣ್ಣಗಾರ ಭೂತಗನ್ನಡಿಯ ಅಕ್ಕನ ಗಂಡ.

"ನಿಮ್ಮ ಭಾವ ನಿನ್ನೆಯಿಂದ ಮನೆಗೆ ಬಂದಿಲ್ಲ ಕಣೋ," ಎಂದು ಅಕ್ಕ ಬೆಳಿಗ್ಗೆ ಫೋನಿನಲ್ಲಿ ಅತ್ತಿದ್ದಳು. ಭಾವ ಅಂಗಡಿಗಳ ಗಾಜಿನ ಕಪಾಟಿನಲ್ಲಿಡುವ ಮಾದರಿಗಳಿಗೆ ಬಣ್ಣ ಹಚ್ಚುವವನು. ಎರಡು ಹೋಳು ಕೂಡಿದ ಗೆರೆ ಎಲ್ಲಾದರೂ ಕಂಡರೆ ಅದಕ್ಕೆ ಪುಟ್ಟಿ ತುಂಬಿ, ಉಜ್ಜಿ ಉಜ್ಜಿ ಮಾಯ ಮಾಡುವವರೆಗೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆಟಿಕೆ ಬಿಚ್ಚಿ ನೋಡುವುದನ್ನು ಭೂತಗನ್ನಡಿಗೆ ಕಲಿಸಿದವನೂ ಅವನೇ.

ಭೂತಗನ್ನಡಿ ಗುರುತಿಲ್ಲದವನಂತೆ ಅವನತ್ತ ನೋಡಿದ. ಭಾವ ತಲೆಯಾಡಿಸುತ್ತಿದ್ದ. ಮೇಲೆ, ಕೆಳಗೆ. ಒಂದೇ ಸಮನೆ, ಕಣ್ಣು ಅಗಲಿಸಿಕೊಂಡು. ಹೌದು, ಹೌದು, ಹೌದು.

ಅಯ್ಯೋ, ಹಾಗಾದರೆ ಇವನೇ ಮಾಡಿದ್ದಾನೆ. ಭೂತಗನ್ನಡಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಏನಾದರಾಗಲಿ, ಸುಳ್ಳು ಹೇಳಿಯಾದರೂ ಉಳಿಸಬೇಕು. ಸುಳ್ಳಿಗೆ ಆಧಾರ ಹುಡುಕುತ್ತ ಅವನು ಚಿತ್ರದ ಮೇಲೆ ಬಗ್ಗಿದ.

ನೋಡುತ್ತ ನೋಡುತ್ತ ಹೋದ ಜೀವ ಬಂದಂತಾಯಿತು. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ!

"ಇದು ನಿಜವಾದ ಆಟಿಕೆ ಅಲ್ಲ," ಎಂದ.

ಭಾವ ಬಟ್ಟೆಯೊಳಗಿಂದಲೇ ನರಳಿದ. ಬಿಳಿ ಅಂಗಿಯವನ ಮುಖ ಸಪ್ಪಗಾಯಿತು. ಕಳ್ಳ ಸಿಗಲಿಲ್ಲವಲ್ಲ, ಅದಕ್ಕೆ ಎಂದುಕೊಂಡ ಭೂತಗನ್ನಡಿ.

"ಅಲ್ಲ ಅಂತೀರಾ? ಎಲ್ಲೆಲ್ಲಿ ತಪ್ಪಿದೆ ಬಿಡಿಸಿ ಹೇಳಿ. ರೆಕಾರ್ಡ್ ಮಾಡ್ಕೋತೀನಿ."

ಭೂತಗನ್ನಡಿ ಹುರುಪಿನಿಂದ ಶುರುಮಾಡಿದ. "ನೋಡಿ, ಪ್ಲಾಸ್ಟಿಕ್ ಆಟಿಕೆ ಎರಡು ಹೋಳಾಗಿ ಅಚ್ಚಿನಿಂದ ಬರುತ್ತೆ. ಕೂಡಿಸಿದ ಗೆರೆ ಇರಲೇಬೇಕು. ಇಲ್ಲಿಲ್ಲ. ಒಂದು ಕಡೆ ಸ್ಕ್ರೂ ತೂತು ಇರ್ಬೇಕು, ಅದೂ ಇಲ್ಲ. ಈ ಚಿತ್ರದಲ್ಲಿ ದಿಂಬಿನ ಮೇಲಿಟ್ಟಿದ್ದಾರೆ, ದಿಂಬು ಎಷ್ಟು ತಗ್ಗಿದೆ ನೋಡಿ. ಆಟಿಕೆ ಇಷ್ಟು ಭಾರ ಇರುತ್ತಾ? ಇನ್ನೊಂದರಲ್ಲಿ ಹಿಡಿದವನ ಮಣಿಕಟ್ಟಿನ ನರ ಉಬ್ಬಿದೆ. ಯಾರೋ ಕಂಪ್ಯೂಟರಿನಲ್ಲಿ ಕೂತು ಅಂದಾಜಿನ ಮೇಲೆ ಮಾಡಿದ್ದು. ಇಂಥ ಆಟಿಕೆ ಎಲ್ಲೂ ಇಲ್ಲ."

"ಚೆನ್ನಾಗಿ ನೋಡಿದ್ರಾ?"

"ಕಣ್ಣು ಮುಚ್ಚಿಕೊಂಡು ಹೇಳ್ತೀನಿ. ಈ ಪಾಪದವನನ್ನ ಬಿಟ್ಟುಬಿಡಿ."

ಬಿಳಿ ಅಂಗಿಯವನು ನಿಟ್ಟುಸಿರು ಬಿಟ್ಟು ದಾಂಡಿಗನಿಗೆ ಸನ್ನೆ ಮಾಡಿದ. ಸುತ್ತಿಗೆ ಇಳಿಯಿತು. ಬಣ್ಣಗಾರನ ಬೆರಳುಗಳು ಮುರಿದ ಸದ್ದು ಕೋಣೆಯಲ್ಲೆಲ್ಲ ಕೇಳಿಸಿತು.

"ಆಟಿಕೆ ಅಲ್ಲ ಅಂದೆನಲ್ರೀ!" ಭೂತಗನ್ನಡಿ ಚೀರುತ್ತ ಎದ್ದ. "ಇವನು ಏನೂ ಸೋರಿಸಿಲ್ಲ!"

"ಸೋರಿಸಿದ್ದು ನಾವೇ ಸಾರ್." ಬಿಳಿ ಅಂಗಿಯವನು ಕೆಳಗಿನಿಂದ ಬಟ್ಟೆ ಸುತ್ತಿದ ವಸ್ತುವೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಮೇಜು ದಡ್ ಎಂದಿತು. "ಯಾರು ನೋಡಿದ್ರೂ ಆಟಿಕೆ ಅಂತಾರೆ, ತಪಾಸಣೆಯವರು ಕಣ್ಣೆತ್ತಿಯೂ ನೋಡಲ್ಲ ಅಂತ ಇವನು ಆಣೆ ಇಟ್ಟಿದ್ದ. ನಿಮ್ಮ ಕಣ್ಣು ದಾಟಿದ್ರೆ ಎಲ್ಲರ ಕಣ್ಣೂ ದಾಟುತ್ತೆ ಅಂದ್ಕೊಂಡ್ವಿ. ಹೌದು ಅಂದಿದ್ರೆ ಇಬ್ಬರೂ ಮನೆಗೆ ಹೋಗ್ತಿದ್ರಿ."

ಆಗ ತಲೆಯಾಡಿಸುವಾಗ ಭಾವ ತಪ್ಪು ಒಪ್ಪಿಕೊಳ್ಳುತ್ತಿರಲಿಲ್ಲ. ಉತ್ತರ ಹೇಳಿಕೊಡುತ್ತಿದ್ದ.

ಬಟ್ಟೆ ಸರಿಯಿತು. ನೀಲಿ ಮೈಯ ಮೇಲೆ ಒಂದು ಗೆರೆಯೂ ಇರಲಿಲ್ಲ, ಭಾವ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ. ಎತ್ತುವಾಗ ಬಿಳಿ ಅಂಗಿಯವನ ಮಣಿಕಟ್ಟಿನ ನರ ಉಬ್ಬಿತು.

ಕಿತ್ತಳೆ ಮೂತಿಯಿಂದ ಹೊರಬಂದದ್ದು ಸ್ಪಂಜಿನ ಗುಂಡಲ್ಲ.