ಇಪ್ಪತ್ನಾಲ್ಕು ಗಂಟೆಯ ಪರೀಕ್ಷೆ

ಹತ್ತೊಂಬತ್ತು ಗಂಟೆ ಕಳೆದಿತ್ತು. ಚನ್ನಬಸವಣ್ಣನವರು ಕಾರಿನ ಕಡೆ ಒಮ್ಮೆಯೂ ನೋಡಿರಲಿಲ್ಲ. ಅವರು ನೋಡುತ್ತಿದ್ದುದು ಗಂಗಾಧರಪ್ಪನನ್ನು.

ಗಾವಡಗೆರೆಯ ದೊಡ್ಡ ಹೊಗೆಸೊಪ್ಪಿನ ಬೆಳೆಗಾರರಾದ ಅವರು ಜಗಲಿಯ ಮೇಲೆ ದಿಂಬಿಗೊರಗಿ ಕುಳಿತಿದ್ದರು. ಆರು ಮೈಲಿಯ ಸುತ್ತು ಮುಗಿಸಿ ಹಳೆಯ ಫಿಯೆಟ್ ಮನೆಯ ಮುಂದೆ ಹಾಯ್ದಾಗಲೆಲ್ಲ ಧೂಳಿಗೆ ಕಣ್ಣು ಮುಚ್ಚಿ, ಮತ್ತೆ ತೆರೆದು, ಹೊಂಗೆಮರದ ಕೆಳಗೆ ನಿಂತ ಎಂಜಿನಿಯರನನ್ನೇ ದಿಟ್ಟಿಸುತ್ತಿದ್ದರು.

"ನೂರ ಎಂಬತ್ತು!" ಎಂದು ಚಾಲಕ ಅಣ್ಣಯ್ಯ ಕಿಟಕಿಯಿಂದ ಕೂಗಿ ಹೋದ. ಎಂಜಿನ್ನಿನ ನೀರಿನ ಶಾಖ ಅದು, ಫ್ಯಾರನ್‌ಹೀಟ್ ಲೆಕ್ಕದಲ್ಲಿ. ಗಂಗಾಧರಪ್ಪ ಬರೆದುಕೊಂಡ. ಇಬ್ಬರು ಚಾಲಕರು ಸರದಿಯ ಮೇಲೆ ಮಲಗಿ ಎದ್ದಿದ್ದರು. ಅವನು ಮಾತ್ರ ಕುಳಿತಿರಲೂ ಇಲ್ಲ.

ವೇಗವಾಗಿ ಓಡುವ ಕಾರನ್ನು ಸಿದ್ಧಪಡಿಸುವುದು ಬೇರೆ, ನಿಲ್ಲದೆ ಓಡುವ ಕಾರನ್ನು ಸಿದ್ಧಪಡಿಸುವುದು ಬೇರೆ. ಗಂಗಾಧರಪ್ಪನದು ಎರಡನೆಯ ವಿದ್ಯೆ. ಮದರಾಸಿನಲ್ಲಿ ಆರು ವರ್ಷ ಮೂರು ಕಾರ್ ರೇಸಿನ ತಂಡಗಳಲ್ಲಿ ದುಡಿದಿದ್ದ. ಅವನ ಕಾರುಗಳು ನಿಲ್ಲಲಿಲ್ಲ, ತಂಡಗಳು ನಿಂತವು. ಈಗ ಉಳಿದಿದ್ದುದು ಈ ಒಂದು ಫಿಯೆಟ್, ಮುಂದಿನ ತಿಂಗಳಿನ ಇಪ್ಪತ್ನಾಲ್ಕು ಗಂಟೆಯ ಓಟ. ಖರ್ಚು ವಹಿಸುವ ಪೋಷಕರೊಬ್ಬರು ಸಿಕ್ಕದಿದ್ದರೆ ಮೂವತ್ತೊಂದನೆಯ ವಯಸ್ಸಿಗೇ ಅವನ ವೃತ್ತಿ ಮುಗಿದಂತೆ.

ಹುಣಸೂರಿನಲ್ಲಿ ಅವನು ಹತ್ತದ ಮೆಟ್ಟಿಲಿಲ್ಲ. ಅಕ್ಕಿ ಗಿರಣಿಯ ನಂಜಯ್ಯ, "ಒಂದು ದಿನ ಪೂರ್ತಿ ಓಡಿ ನಿಮ್ಮ ಕಾರು ಎಲ್ಲಿಗೆ ಮುಟ್ಟತದೆ?" ಎಂದು ಕೇಳಿದ್ದರು. "ಹೊರಟ ಜಾಗಕ್ಕೇ" ಎಂದಿದ್ದ. ನಂಜಯ್ಯ ಮರುಕದಿಂದ ಇನ್ನೊಂದು ಲೋಟ ಕಾಫಿ ತರಿಸಿದ್ದರು.

ನಗದೆ ಕೇಳಿದವರು ಚನ್ನಬಸವಣ್ಣನವರೊಬ್ಬರೇ. "ಒಂದ್ ದಿನ ಪೂರ್ತಿ ಕಣ್ ಮುಚ್ಚದಂಗೆ ನೋಡ್ಕತೀರಾ? ಎಲ್ಲಿ, ನಮ್ಮನೆ ಮುಂದೇನೇ ಮಾಡಿ ತೋರ್ಸಿ. ಆಮೇಕೆ ಮಾತು."

ಈಗ ಅವರು ಜಗಲಿಯಿಂದ ಇಳಿದು ಬಂದರು.

"ಒಸಿ ಒರಗಿಕೊಳ್ರೀ. ಮಂಚ ಹಾಕ್ಸಿದ್ದೀನಿ."

"ಇನ್ನೂ ಐದು ಗಂಟೆ ಇದೆಯಲ್ಲ, ಸ್ವಾಮಿ."

ಅವರು ತಲೆದೂಗಿದರು. "ಎಂಡ-ಗಿಂಡ ಅಭ್ಯಾಸ ಅದಾ?"

"ಇಲ್ಲ."

"ಬೀಡಿ?"

"ಇಲ್ಲ."

"ಊರಲ್ಲಿ ಯೆಂಡ್ರು ಮಕ್ಳು?"

"ಇನ್ನೂ ಆಗಿಲ್ಲ."

"ಒಳ್ಳೇದಾಯ್ತು ಬುಡಿ." ಅವರು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಶಿವರುದ್ರಮ್ಮನ ಕಡೆ ನೋಡಿದರು. ಆಕೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಕಿಟಕಿಯಲ್ಲಿ ಹಸಿರು ಬಳೆ ತೊಟ್ಟ ಕೈಯೊಂದು ಚಕ್ಕನೆ ಸರಿಯಿತು.

ಗಂಗಾಧರಪ್ಪನ ಪೆನ್ಸಿಲು ನಿಂತಿತು. ಆ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಮಗಳಿದ್ದಾಳೆಂದು ಅಣ್ಣಯ್ಯ ಹೇಳಿದ್ದ.

"ಓದ್ ವರ್ಸ ಒಬ್ಬನ್ನ ನೆಚ್ಕಂಡು ಕೆಟ್ಟೆ ಕಣ್ರೀ," ಚನ್ನಬಸವಣ್ಣನವರು ದನಿ ತಗ್ಗಿಸಿದರು. "ನೋಡಕೆ ಮಾರಾಯ ಗಟ್ಟಿಗ. ಮೂರೇ ದಿನಕ್ಕೆ ಬಂಡವಾಳ ಗೊತ್ತಾಯ್ತು. ಮನೆ ಮಾನ ಓಯ್ತು. ಈ ಸಲ ಪರೀಕ್ಸೆ ಮಾಡ್ದೆ ಯಾರ್ನೂ ಒಳೀಕೆ ಸೇರ್ಸಬಾರ್ದು ಅಂತ ನಮ್ಮೋಳು ಅಟ ಇಡ್ದವ್ಳೆ."

ಗಂಗಾಧರಪ್ಪ ವಿಜ್ಞಾನ ಓದಿದವನು; ಸಾಕ್ಷ್ಯಗಳನ್ನು ಜೋಡಿಸಿ ನೋಡಿದ, ತೀರ್ಮಾನ ಒಂದೇ ಬಂತು. ಮಾವನೇ ಪೋಷಕನಾದರೆ ಟಯರಿಗೂ ಬಿಡಿಭಾಗಕ್ಕೂ ಯಾರ ಮನೆಯ ಮೆಟ್ಟಿಲನ್ನೂ ಹತ್ತಬೇಕಿಲ್ಲ. ಮುಂದಿನ ಸುತ್ತು ಬರುವುದರೊಳಗೆ ಜೇಬಿನ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಅಂಗಿಯ ಗ್ರೀಸಿನ ಕಲೆಯ ಮೇಲೆ ಪುಸ್ತಕ ಅಡ್ಡ ಹಿಡಿದ. ಆದರೆ ಒಂದು ಸುತ್ತಿನ ಲೆಕ್ಕವನ್ನೂ ತಪ್ಪಿಸಲಿಲ್ಲ. ಹತ್ತು ಗಂಟೆಗೆ ಶಾಖ ಇನ್ನೂರಕ್ಕೆ ಏರಿದಾಗ ಅಣ್ಣಯ್ಯನಿಗೆ ಕೈಸನ್ನೆ ಮಾಡಿ ವೇಗ ತಗ್ಗಿಸಿ, ಎರಡೇ ಸುತ್ತಿನಲ್ಲಿ ಮತ್ತೆ ನೂರ ಎಂಬತ್ತಕ್ಕೆ ತಂದು ನಿಲ್ಲಿಸಿದ.

"ನೋಡ್ದಾ?" ಎಂದು ಚನ್ನಬಸವಣ್ಣನವರು ಒಳಗೆ ಕೂಗಿದರು. "ಇಳಿಸ್ಬುಟ್ಟ ಕಣೇ!"

ಇಂಥ ರಸಿಕ ಮಾವ ಯಾರಿಗೆ ಸಿಗುತ್ತಾರೆ ಎಂದುಕೊಂಡ ಗಂಗಾಧರಪ್ಪ.

ಮಧ್ಯಾಹ್ನ ಹನ್ನೆರಡಕ್ಕೆ ಅವನು ಟವೆಲು ಬೀಸಿದ. ಫಿಯೆಟ್ ನಿಂತಿತು. ಕಾರಿನ ಬಳಿಗೆ ಯಾರೂ ಹೋಗಲಿಲ್ಲ. ಶಿವರುದ್ರಮ್ಮ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಹೊಸ ಪಂಚೆ ಇಟ್ಟು ತಂದರು. ಅವನು ಎರಡೂ ಕೈ ಚಾಚಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

"ಒಪ್ಪಿಗೆ ತಾನೇ?" ಎಂದರು ಚನ್ನಬಸವಣ್ಣನವರು.

"ತಮ್ಮ ಆಶೀರ್ವಾದ. ಆದರೆ... ದಿನ ಯಾವತ್ತು ಗೊತ್ತು ಮಾಡಿದ್ದೀರಿ?"

"ದಿನ ಏನ್ ಬಂತು? ಇವತ್ತೇ ಬೈಗಿಗೆ."

"ಇಷ್ಟು ಬೇಗವೇ? ನಮ್ಮ ಅಮ್ಮನಿಗಾದರೂ ತಿಳಿಸಬೇಡವೇ?"

"ತಿಳ್ಸಿ, ಬೇಡ ಅಂದೋರ್ಯಾರು? ಆದ್ರೆ ಕಡ್ಡಿಗೆ ಕಟ್ಟಿದ ಸೊಪ್ಪು ಕಾಯ್ತದಾ?" ಚನ್ನಬಸವಣ್ಣನವರು ಅವನ ಬೆನ್ನು ತಟ್ಟಿ, ಮನೆಯ ಹಿಂದೆ ಎದ್ದು ನಿಂತ ಕಿಟಕಿಯಿಲ್ಲದ ಎತ್ತರದ ಕಟ್ಟಡದ ಕಡೆ ಕೈ ತೋರಿಸಿದರು. "ಅಗೋ ನಮ್ ಬ್ಯಾರನ್, ಸೊಪ್ಪು ಶಾಖಕ್ಕಿಟ್ಟು ಹದ ಮಾಡೋ ಮನೆ. ಒಳೀಕೆ ಸೊಪ್ಪು ಏರ್ಸಾಗದೆ. ಓದ್ ವರ್ಸದೋನು ಮೂರ್ನೇ ದಿನಕ್ಕೇ ನಿದ್ದೆ ಮಾಡಿ ಸೊಪ್ಪೆಲ್ಲ ಕರೀಕ್ ಮಾಡ್ಬುಟ್ಟ. ಐದ್ ದಿನ, ಐದ್ ರಾತ್ರಿ ಒಲೆ ಮುಂದೆ ಕೂತು ಬೆಂಕಿ ನೋಡ್ಕಳಿ—ಶಾಖ ಏರಬಾರ್ದು, ಇಳೀಬಾರ್ದು, ನೀವು ಕಣ್ ಮುಚ್ಬಾರ್ದು!"