ಬಿರಿದ ಇಂಧನ

ಯಂತ್ರದ ಎರಡು ಹಿಡಿಗಳ ನಡುವೆ ಸಿಕ್ಕಿಸಿದ್ದ ರಾಕೆಟ್ ಇಂಧನದ ತುಂಡು ಬೇಕಾದಷ್ಟು ಹಿಗ್ಗುವ ಮೊದಲೇ ಹರಿದುಹೋಯಿತು. ಲ್ಯಾಬಿನ ಭಾನು ಅದನ್ನು ಬೆಳಕಿಗೆ ಹಿಡಿದಳು. ಹರಿದ ಅಂಚಿನಲ್ಲಿ, ಇಂಧನದ ಉಪ್ಪಿನ ಹರಳುಗಳನ್ನು ಹಿಡಿದಿಡಬೇಕಾದ ರಬ್ಬರು ಅವುಗಳಿಂದ ಬಿಟ್ಟುಕೊಂಡು ಬೆಳ್ಳಗೆ ಬಿರಿದಿತ್ತು. ಇದೇ ಇಂಧನ ತುಂಬಿದ ರಾಕೆಟ್ ಮೋಟರ್ ಶೀತಕೋಣೆಯಲ್ಲಿತ್ತು. ಮಧ್ಯಾಹ್ನ ಅದನ್ನು ಹೊರಗೆ ತಂದು ಉರಿಸಿ ನೋಡುವುದಿತ್ತು.

"ಸರ್, ಚಳಿಯಲ್ಲಿಟ್ಟು ಎಳೆದ್ರೆ ತಾಳ್ತಿಲ್ಲ. ಮೋಟರ್ ಒಳಗೂ ಹಿಂಗೇ ಬಿರುಕು ಬಿಟ್ಟಿದ್ರೆ ಬೆಂಕಿ ಅದರೊಳಕ್ಕೂ ನುಗ್ತದೆ. ಪ್ರೆಷರ್ ಏರಿ ಒಡೀತದೆ."

"ಇನ್ನೆರಡು ಪೀಸ್ ಪಾಸಾಯ್ತಲ್ಲಮ್ಮಾ," ಎಂದ ಮೇಲಧಿಕಾರಿ ಸುಬ್ರಮಣಿ. "ಸರಾಸರಿ ಸರಿಯಾಗೇ ಇದೆ. ಕಸ್ಟಮರ್ ಬಂದು ಕೂತವ್ರೆ. ಟೆಸ್ಟ್ ರಿಪೋರ್ಟಿಗೆ ಸೈನ್ ಹಾಕು."

ಭಾನು ಪೆನ್ನು ಮುಟ್ಟಲಿಲ್ಲ. ಮೋಟರಿಗೆ ಕಿಡಿ ಕೊಡುವ ವೈರು ಜೋಡಿಸಿ ಪಕ್ಕದ ಗೋಡೆಯ ಮರೆಗೆ ಸರಿಯುವ ಕೆಲಸ ಅವಳ ಗಂಡ ಮುನೀಶನದು. ಅದು ಸುಬ್ರಮಣಿಗೂ ಗೊತ್ತಿತ್ತು.

"ಮುನೀಶ್ ಬಗ್ಗೆ ಭಯನಾ? ಅವ್ನು ಇವತ್ತು ಸ್ಟೋರಲ್ಲಿರ್ಲಿ. ಮಾದೇಶನ್ನ ಕಳಿಸ್ತೀನಿ."

ಮಾದೇಶ ಡೆಂಕಣಿಕೋಟೆಯಿಂದ ಇವರಿಬ್ಬರ ಜೊತೆಗೇ ಕಂಪನಿ ಬಸ್ಸಿನಲ್ಲಿ ಬರುವವನು. ಭಾನುವನ್ನು ಅಕ್ಕ ಎನ್ನುವವನು. ಅವಳು ಪೆನ್ನು ಎತ್ತಿಕೊಂಡಳು. ಸೈನ್ ಹಾಕಿದಳು.

ಮೋಟರ್ ಹೊತ್ತಿಕೊಳ್ಳುತ್ತಲೇ ಒಡೆಯಿತು. ಉಕ್ಕಿನ ಚೂರೊಂದು ಗೋಡೆಯ ಮೇಲಿನ ಮೂಲೆಯನ್ನೇ ಕಿತ್ತುಕೊಂಡು ಹೋಯಿತು. ಮಾದೇಶ ಉಳಿದ.

ಮರುದಿನ ಭಾನು ಹೊಸೂರಿನ ಆಸ್ಪತ್ರೆಗೆ ಒಬ್ಬಳೇ ಹೋದಳು. ಮಾದೇಶನ ತಲೆಗೆ ಬ್ಯಾಂಡೇಜು ಸುತ್ತಿದ್ದರು. ಅವನ ಹೆಂಡತಿ ಸೆಲ್ವಿ ಸ್ಟೂಲು ಬಿಟ್ಟುಕೊಟ್ಟು, ಕಾಫಿ ತರುತ್ತೇನೆಂದು ಕೆಳಗೆ ಹೋದಳು.

"ಮುನೀಶಣ್ಣ ಅಲ್ಲಿ ಇಲ್ದೇ ಇದ್ದಿದ್ದೇ ಒಳ್ಳೇದಾಯ್ತು ಬುಡಕ್ಕ," ಮಾದೇಶ ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿದ. "ನಾನು ಭಯಕ್ಕೆ ಕುಕ್ಕರುಗಾಲಲ್ಲಿ ಕೂತ್ಬುಟ್ಟಿದ್ದೆ. ಅಣ್ಣ ಯಾವಾಗ್ಲೂ ನಿಂತ್ಕೊಂಡೇ ನೋಡ್ತಾನೆ."

ಭಾನು ಮಂಚದ ಕಂಬಿ ಹಿಡಿದುಕೊಂಡಳು. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಒಡೀಬೋದು ಅಂತ ನಂಗೊತ್ತಿತ್ತು ಕಣ್ಲಾ. ಗೊತ್ತಿದ್ದೇ ಸೈನ್ ಹಾಕ್ದೆ."

ಮಾದೇಶ ನಕ್ಕು ತಲೆಯಾಡಿಸಿದ.

"ಆ ಕಿವಿ ಹೋಗ್ಬುಟ್ಟೈತಕ್ಕ. ಈ ಕಡೆ ಬಂದು ಇನ್ನೊಂದ್ಸಲ ಹೇಳು."