ಫಕ್ಕೀರವ್ವಜ್ಜಿಯ ಮನೆಯ ಭಾರ

ನಮ್ಮಲ್ಲಿ ಸಾಮಾನು ಕಡಿಮೆಯಾದ ಮನೆ ನೆಲ ಬಿಟ್ಟು ಮೇಲೇಳುತ್ತದೆ. ನೆರೆಮನೆಯ ಫಕ್ಕೀರವ್ವಜ್ಜಿ ಹೊಟ್ಟೆಪಾಡಿಗೆ ಹಂಡೆ, ಕಪಾಟು, ಕೊನೆಗೆ ಒರಳುಕಲ್ಲನ್ನೂ ಮಾರಿ, ಮನೆಯನ್ನು ಹಳೇ ಸೀರೆಯಿಂದ ಬೇವಿನ ಮರಕ್ಕೆ ಕಟ್ಟಿದ್ದಳು. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಸೀರೆ ಹರಿಯತೊಡಗಿತು.

"ಹೋಗ್ಲಿ ಬಿಡ್ರಿ," ಎಂದಳು ಅಜ್ಜಿ, ತೇಲುವ ಹೊಸ್ತಿಲ ಮೇಲೆ ಕೂತು.

"ಸುಮ್ನಿರ ಬೇ! ನಾವೇನ್ ಸತ್ತೀವೇನು?" ಎನ್ನುತ್ತ ಎದುರುಮನೆಯ ಮಾಬೂಬಿ ತನ್ನ ಬೀಸುಕಲ್ಲನ್ನು ಒಳಗೆ ತಳ್ಳಿದಳು. ನಾನು ಜೋಳದ ಚೀಲ ಹೊತ್ತು ತಂದೆ. ಓಣಿಯ ಪ್ರತಿ ಮನೆಯಿಂದಲೂ ಏನಾದರೊಂದು ಭಾರ ಬಂತು. ಕೊನೆಗೆ ಹೊಲಿಗೆ ಮಷಿನ್ ಏರಿಸಿದ್ದೇ ತಡ, ಮನೆ ಧಪ್ಪನೆ ನೆಲಕ್ಕೆ ಕೂತಿತು. ಎಲ್ಲರೂ ಕೇಕೆ ಹಾಕಿದೆವು.

"ಇವನ್ನೆಲ್ಲ ಯಾವಾಗ ಒಯ್ತೀರಿ?" ಎಂದು ಕೇಳಿದಳು ಅಜ್ಜಿ.

"ಒಯ್ಯೂದಿಲ್ಲ. ಬೀಸಾಕ, ಹೊಲಿಯಾಕ ದಿನಾ ನಾವೇ ಇಲ್ಲಿಗೆ ಬರ್ತೀವಿ."

ಹೊರಗೆ ಬಂದು ನೋಡಿದರೆ, ಓಣಿಯ ಮನೆಗಳೆಲ್ಲ ನೆಲದಿಂದ ಒಂದೊಂದು ಬೆರಳು ಮೇಲೆದ್ದಿದ್ದವು. ಅಜ್ಜಿಯ ಮನೆಯೊಂದೇ ಗಟ್ಟಿಯಾಗಿ ಕೂತಿತ್ತು.